ಒಲ್ಲೆ ಅಂದವರು ಮೊದಲು ಮಾತಾಡಲಿ

ಮೊನ್ನೆ ಜೂನ್ ಕೊನೆಗೆ ನಮ್ಮ ಸರ್ ನಿವೃತ್ತರಾದಾಗ ಅವರನ್ನು ಬೀಳ್ಕೊಟ್ಟೆವು. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಕಾಲೇಜಿನ ಪದ್ಧತಿಯಂತೆ ಒಬ್ಬರಾದ ಮೇಲೊಬ್ಬರು ಎದ್ದು ಹೊಗಳಿದೆವು. ಕೊನೆಗೆ ಪ್ರಾಂಶುಪಾಲರು, "ಇನ್ನ ಮ್ಯಾಲಾದ್ರೂ ಆರಾಮ ಇರ್ರಿ ಸರ್ರ" ಅಂದರು. ಅವರು ಎದ್ದು ಮೈಕನ್ನು ತಮ್ಮ ಎತ್ತರಕ್ಕೆ ಏರಿಸಿಕೊಂಡು, "ಆರಾಮ ಎಲ್ಲೀದ್ರಿ? ಯುರೋಪ ಒಕ್ಕೂಟದ ಹೊಸ ಕರಾರಿಗೆ ಐರ್ಲೆಂಡಿನ ಮಂದಿ ಈ ತಿಂಗಳ ಮತ್ತ ಒಲ್ಲೆ ಅಂದಾರ. ಉಳಿದ ದೇಶದವರು ಈಗ ಅವರನ್ನ ಹೆಂಗ ಮಾತಾಡಸ್ತಾರ, ಅದನ್ನ ನೋಡಬೇಕು ನಾ" ಅಂದರು. ಸಭೆ ನಕ್ಕಿತು. ನಾನೂ ನಕ್ಕೆ. ಆದರೆ ಅವರು ತಮಾಷೆ ಮಾಡುತ್ತಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಬೈಲಹೊಂಗಲದ ಆ ಕಾಲೇಜಿಗೆ ನಾನು ಕನ್ನಡ ಕಲಿಸಲು ಸೇರಿದ್ದು ತೊಂಬತ್ತೊಂದರಲ್ಲಿ. ಸ್ಟಾಫ್ ರೂಮಿನಲ್ಲಿ ನನಗೆ ಸಿಕ್ಕ ಮೇಜು ಅವರ ಮೇಜಿಗೆ ಅಂಟಿಕೊಂಡಿತ್ತು. ಅವರು ರಾಜ್ಯಶಾಸ್ತ್ರದವರು. ಎತ್ತರದ ಆಳು, ಯಾವಾಗಲೂ ಒಂದೇ ನಮೂನೆಯ ಸಫಾರಿ, ಕಿಸೆಯಲ್ಲಿ ಕ್ಯಾಪಿನ ಪೆನ್ನು. ಆ ಪೆನ್ನಿನದೇ ಒಂದು ರೂಢಿಯಿತ್ತು. ಮಾತಿನ ನಡುವೆ ಯಾರಾದರೂ "ಅದು ಹಂಗಲ್ರಿ ಸರ್ರ" ಅಂದರೆ ಸಾಕು, ಬರೆಯುವುದನ್ನು ಅಲ್ಲಿಗೇ ಬಿಟ್ಟು ಕ್ಯಾಪು ಹಾಕಿ, ಪೆನ್ನು ಕಿಸೆಗಿಟ್ಟು, ಕುರ್ಚಿ ತಿರುಗಿಸಿ ಕೂಡುತ್ತಿದ್ದರು. ಹೌದು ಅನ್ನುವವರ ಕಡೆ ಅಷ್ಟು ಪ್ರೀತಿಯಿಂದ ನೋಡಿದ್ದನ್ನು ನಾನು ಕಂಡಿಲ್ಲ.

ಮರುವರ್ಷ ಜೂನಿನಲ್ಲಿ ಒಂದು ದಿನ ಪತ್ರಿಕೆ ಹಿಡಿದು ಬಂದವರೇ, "ಮೇಡಮ್ಮಾರ, ಡೆನ್ಮಾರ್ಕ್ ಒಲ್ಲೆ ಅಂತ್ರಿ" ಅಂದರು. ಯಾರದೋ ಮನೆಯ ಲಗ್ನದ ಮಾತು ಮುರಿದ ಹಾಗಿತ್ತು ಅವರ ಧಾಟಿ. ನಾನು "ಯಾಕ್ರಿ, ಏನ ಬೇಕಂತ ಅದಕ್ಕ?" ಅಂದೆ. ಅಷ್ಟೇ ನೋಡಿ, ಚಹಾ ತಣ್ಣಗಾಗುವತನಕ ಹೇಳಿದರು. ಯುರೋಪಿನ ದೇಶಗಳು ಸೇರಿ ಒಂದು ಒಕ್ಕೂಟ ಬಿಗಿ ಮಾಡಿಕೊಳ್ಳಲು ಹೊರಟಿವೆ. ಮುಂದೆ ಒಂದೇ ನಾಣ್ಯ, ಅನೇಕ ಸಂಗತಿಗಳಿಗೆ ಒಂದೇ ಕಾನೂನು. ಸರ್ಕಾರಗಳೆಲ್ಲ ಸಹಿ ಹಾಕಿವೆ. ಡೆನ್ಮಾರ್ಕಿನವರು ಎಲ್ಲರಿಗಿಂತ ಮೊದಲು ಊರ ಮಂದಿಯ ವೋಟು ತೆಗೆದರು. ಕೂದಲೆಳೆಯ ಅಂತರದಲ್ಲಿ ಮಂದಿ ಬೇಡ ಅಂದುಬಿಟ್ಟರು. "ಈಗ ಏನ ಮಾಡ್ತಾರ? ಹೊರಗ ಹಾಕ್ತಾರೋ, ಕೈ ಮುಗೀತಾರೋ?" ಎಂದು ಅವರು ನನ್ನನ್ನೇ ಕೇಳಿದರು. ಉತ್ತರ ನನ್ನ ಕಿಸೆಯಲ್ಲಿದ್ದ ಹಾಗೆ ನೋಡಿದರು.

ಉಳಿದ ದೇಶದವರು ಎರಡನ್ನೂ ಮಾಡಲಿಲ್ಲ. ಇಂತಿಂಥ ಸಂಗತಿಯಲ್ಲಿ ನೀವು ನಮ್ಮ ಜೊತೆ ಬರಬೇಕಾಗಿಲ್ಲ, ನಿಮ್ಮ ನಾಣ್ಯ ನಿಮಗೇ ಇರಲಿ, ಆದರೆ ಒಕ್ಕೂಟದಲ್ಲಿ ಇರಿ ಅಂದರು. ಮುಂದಿನ ವರ್ಷ ಮತ್ತೆ ವೋಟು ತೆಗೆದರೆ ಅದೇ ಮಂದಿ ಹೂಂ ಅಂದರು. ಈ ಸುದ್ದಿ ಬಂದ ದಿನ ನಮ್ಮ ಸರ್ ಸ್ಟಾಫ್ ರೂಮಿಗೆಲ್ಲ ಕುಂದಾ ಹಂಚಿದರು. ಇತಿಹಾಸದ ಸರ್ ಯಾಕೆ ಎಂದು ಕೇಳಿದ್ದಕ್ಕೆ, "ಡೆನ್ಮಾರ್ಕಿಗೆ ಬ್ಯಾರೆ ಒಲಿ ಸಿಕ್ತು" ಅಂದರು. ಆ ಮಾತು ಯಾರಿಗೂ ತಿಳಿಯಲಿಲ್ಲ. ಕುಂದಾ ಚಲೋ ಇತ್ತು, ತಿಂದೆವು.

ಒಲೆಯ ಸುದ್ದಿ ತಿಳಿದದ್ದು ಆಮೇಲೆ, ಅವರ ಊರು ಹೂಲಿಗೆ ಹೋದಾಗ. ಸವದತ್ತಿ ತಾಲೂಕಿನ ಆ ಊರಲ್ಲಿ ಅವರದು ದೊಡ್ಡ ಕೂಡುಕುಟುಂಬ, ಒಕ್ಕಲುತನದ ಮನೆ. ಬಹಳ ಹಿಂದೆ ಅವರ ಅಜ್ಜ, ಇನ್ನು ಮೇಲೆ ಹಾಲು ಹೈನು ಅಡುಗೆ ಎಲ್ಲ ಒಂದೇ ಕಡೆ, ಒಂದೇ ರುಚಿ ಎಂದು ಕಟ್ಟಪ್ಪಣೆ ಮಾಡಿದನಂತೆ. ಸೊಸೆಯಂದಿರೆಲ್ಲ ಹೂಂ ಅಂದರು. ದೊಡ್ಡ ಸೊಸೆ, ಅಂದರೆ ಇವರ ದೊಡ್ಡವ್ವ, "ನಾ ಒಲ್ಲೆ" ಅಂದಳು. ಹಿತ್ತಲ ಬಯಲಿನಲ್ಲಿ ಮೂರು ಕಲ್ಲಿಟ್ಟು ತನ್ನ ಸಾರು ತಾನು ಕುದಿಸಿದಳು. ರೊಟ್ಟಿ ಮಾತ್ರ ದೊಡ್ಡ ಅಡುಗೆಮನೆಯದೇ. ಹೊಲಕ್ಕೆ ಎಲ್ಲರ ಜೊತೆ ಹೋದಳು, ಮನೆಯ ಲಗ್ನಗಳಿಗೆ ಎಲ್ಲರಿಗಿಂತ ಮುಂದೆ ನಿಂತಳು. ಅಜ್ಜ ಕೆಲವು ದಿನ ಹಾರಾಡಿ, ಆಮೇಲೆ ಮಳೆ ಬಂದಾಗ ಆ ಕಲ್ಲುಗಳ ಮೇಲೆ ತಾನೇ ತಗಡು ಹಾಕಿಸಿಕೊಟ್ಟನಂತೆ. ನಮ್ಮ ಸರ್ ಹುಡುಗರಾಗಿದ್ದಾಗ ಎರಡೂ ಒಲೆಯ ಸಾರು ಉಂಡು ಬೆಳೆದವರು.

ನಾನು ಹೋದ ದಿನವೂ ಆ ಒಲೆ ಉರಿಯುತ್ತಿತ್ತು. ದೊಡ್ಡವ್ವನಿಗೆ ಆಗಲೇ ವಯಸ್ಸಾಗಿತ್ತು, ನಾಲಿಗೆಗೆ ಮಾತ್ರ ಆಗಿರಲಿಲ್ಲ. "ಇಂವ ಏನೋ ಬರಿಯಾಕ ಹತ್ತ್ಯಾನಂತ, ಯಾವ ದೇಶದ್ದವಾ ಅದು?" ಎಂದು ನನ್ನನ್ನು ಕೇಳಿದಳು. ಯುರೋಪು ಅಂದೆ. "ಹೂಲಿ ಸುದ್ದಿ ಬರದ ಮುಗೀತೇನ?" ಅಂದಳು. ಸರ್ ನಗುತ್ತ ಸಾರು ಬಡಿಸಿಕೊಂಡರು.

ಬರೆಯುತ್ತಿದ್ದದ್ದು ಪಿಎಚ್‌ಡಿ ಪ್ರಬಂಧ, ಅದೂ ಕನ್ನಡದಲ್ಲಿ. ಒಕ್ಕೂಟ ಬೇಡ ಅನ್ನುವ, ಇಲ್ಲವೇ ಇಷ್ಟು ಸಾಕು ಅನ್ನುವ ಜನ ಯುರೋಪಿನ ಒಂದೊಂದು ದೇಶದ ರಾಜಕಾರಣವನ್ನು ಹೇಗೆ ತಿರುಗಿಸುತ್ತಾರೆ ಎಂಬುದು ಅವರ ವಿಷಯ. ಬ್ರಿಟನ್ನಿನಲ್ಲಿ ಆಳುವ ಪಕ್ಷದವರೇ ತಮ್ಮ ಪ್ರಧಾನಿಯ ಕಾಲು ಎಳೆದದ್ದು, ಫ್ರಾನ್ಸಿನಲ್ಲಿ ಎಡದವರೂ ಬಲದವರೂ ಒಂದೇ ವೋಟಿನ ಸಾಲಿನಲ್ಲಿ ನಿಂತದ್ದು, ಇದನ್ನೆಲ್ಲ ಅವರು ಓಣಿಯ ಸುದ್ದಿಯಂತೆ ಹೇಳುತ್ತಿದ್ದರು. ಈ ಜನರನ್ನು ಕನ್ನಡದಲ್ಲಿ ಏನೆಂದು ಕರೆಯುವುದು ಎಂದು ನನ್ನ ಹತ್ತಿರ ಬಂದಾಗ 'ಯುರೋಪ್ ವಿರೋಧಿಗಳು' ಎಂದು ಬರೆಯಿರಿ ಅಂದೆ. ಪೆನ್ನಿಗೆ ಕ್ಯಾಪು ಹಾಕಿದರು. "ನಮ್ಮ ದೊಡ್ಡವ್ವ ಮನಿ ವಿರೋಧಿ ಏನ್ರಿ?" ಅಂದರು. ಕೊನೆಗೆ 'ಸಂದೇಹಿಗಳು' ಎಂದಾಯಿತು. ಅಧ್ಯಾಯದ ಮೇಲೆ ಅಧ್ಯಾಯ ನಾನು ಕಾಗುಣಿತ ತಿದ್ದಿದ್ದೇನೆ. ಹಾಗಾಗಿ ನನ್ನಷ್ಟು ಯುರೋಪ್ ಓದಿದ ಕನ್ನಡ ಲೆಕ್ಚರರು ಈ ಸುತ್ತಿನಲ್ಲಿ ಇರಲಿಕ್ಕಿಲ್ಲ.

ಅವರಿಗೆ ಇಂಗ್ಲಿಷ್ ಪತ್ರಿಕೆಗಳು ಬರುತ್ತಿದ್ದದ್ದು ಹಸನಸಾಬರ ಬಸ್ಸಿನಲ್ಲಿ. ಹಸನಸಾಬರು ಬೈಲಹೊಂಗಲದಿಂದ ಕಿತ್ತೂರ ಮೇಲೆ ಧಾರವಾಡಕ್ಕೆ ಹೋಗಿಬರುವ ಬಸ್ಸಿನ ಡ್ರೈವರರು. ಸಂಜೆ ಧಾರವಾಡದಿಂದ ಪತ್ರಿಕೆಗಳ ಸುರುಳಿ ತಂದು, ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತ ಸರ್ ಕೈಗೆ ಕಿಟಕಿಯಿಂದಲೇ ಕೊಡುತ್ತಿದ್ದರು. ಕೊಡುವಾಗ ದಿನಾ ಒಂದೇ ಮಾತು: "ಇವತ್ತ ಯಾರ ಒಲ್ಲೆ ಅಂದ್ರಿ ಸರ್ರ?" ಹೆಚ್ಚಿನ ದಿನ ಯಾರೂ ಅಂದಿರುತ್ತಿರಲಿಲ್ಲ. ಸರ್ ಬೇಜಾರಿನಿಂದ ತಲೆಯಾಡಿಸಿದರೆ, "ಇರ್ಲಿ ತಗೋರಿ, ನಾಳೆ ಯಾರರ ಅಂತಾರ" ಎಂದು ಸಮಾಧಾನ ಹೇಳಿ ಗೇರು ಹಾಕುತ್ತಿದ್ದರು.

ಕ್ಲಾಸಿನಲ್ಲಿಯೂ ಅವರದು ಇದೇ ರಾಜ್ಯಭಾರ. ಏನೇ ಇರಲಿ, ಕೈ ಎತ್ತಿಸುತ್ತಿದ್ದರು. ಗೆದ್ದವರು ಚಪ್ಪಾಳೆ ತಟ್ಟುವ ಹೊತ್ತಿಗೆ, "ತಡೀರಿ, ಒಲ್ಲೆ ಅಂದಾವರು ಮೊದಲ ಮಾತಾಡ್ಲಿ" ಅನ್ನುತ್ತಿದ್ದರು. ಒಮ್ಮೆ ಟ್ರಿಪ್ಪಿಗೆಂದು ರಾಮದುರ್ಗ ತಾಲೂಕಿನ ತೊರಗಲ್ ಕೋಟೆಗೆ ಹೋಗಿದ್ದೆವು. ಊಟ ಕೆಳಗೆ ಬಾಗಿಲ ಹತ್ತಿರವೋ, ಮೇಲೆ ಬುರುಜಿನಲ್ಲೋ ಎಂದು ವೋಟಾಯಿತು. ಇಡೀ ಕ್ಲಾಸು ಮೇಲೆ ಅಂದಿತು, ಒಬ್ಬಳು ಬೇಡ ಅಂದಳು. ಆಕೆ ಮಾತಾಡುವತನಕ ಬುತ್ತಿ ಬಿಚ್ಚುವ ಹಾಗಿಲ್ಲ. ಹಸಿದ ಹುಡುಗರು ಆಕೆಯನ್ನು ನುಂಗುವಂತೆ ನೋಡಿದರು. ಆಕೆ ಮೆಲ್ಲಗೆ, ಮೇಲೆ ನೀರಿಲ್ಲ, ಕೊಡ ಹೊತ್ತು ಹತ್ತುವವರು ಹುಡುಗಿಯರೇ ಆಗುತ್ತಾರೆ ಅಂದಳು. ಆ ದಿನ ನಾವು ಬುರುಜಿನಲ್ಲಿಯೇ ಉಂಡೆವು, ಕೊಡಗಳನ್ನು ಹುಡುಗರು ಹೊತ್ತರು.

ನನ್ನದೂ ಒಂದು ಕತೆ ಇದೆ. ಕಾಲೇಜಿನ ಗ್ಯಾದರಿಂಗಿಗೆ ಮೇಡಮ್ಮಂದಿರೆಲ್ಲ ಒಂದೇ ಬಣ್ಣದ ಸೀರೆ ಉಡಬೇಕೆಂದು ಸ್ಟಾಫ್ ಮೀಟಿಂಗಿನಲ್ಲಿ ಠರಾವಾಯಿತು. ಬಣ್ಣ ಯಾವುದೆಂದರೆ ಕಣ್ಣಿಗೆ ಹೊಡೆಯುವಂಥ ಗುಲಾಬಿ. ನಾನು ಒಲ್ಲೆ ಅಂದೆ. ಪ್ರಾಂಶುಪಾಲರ ಮುಖ ಬಿಗಿಯಿತು. ಸರ್ ಎದ್ದು ನಿಂತು, "ಮೇಡಮ್ಮಾರು ಗ್ಯಾದರಿಂಗಿಗೆ ಬರತಾರ, ಸ್ವಾಗತ ಭಾಷಣಾನೂ ಮಾಡ್ತಾರ, ಸೀರಿ ಮಾತ್ರ ತಮ್ಮದ ಉಡ್ತಾರ. ಏನ ಮುಳುಗ್ತೈತಿ?" ಅಂದರು. ಏನೂ ಮುಳುಗಲಿಲ್ಲ. ನಾನು ನನ್ನ ಹಸಿರು ಇಳಕಲ್ಲು ಉಟ್ಟು ಆ ವರ್ಷ ಎಲ್ಲರಿಗಿಂತ ಚಂದ ಮಾತಾಡಿದೆ, ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ.

ಪ್ರಬಂಧಕ್ಕೆ ಮಾತ್ರ ಇಂಥ ಯೋಗ ಬರಲಿಲ್ಲ. ಅವರು ಮೊದಲ ಸಲ ಒಪ್ಪಿಸಿದ ಹೊತ್ತಿಗೆ ಯುರೋಪಿನ ಹೊಸ ನಾಣ್ಯದ ಸಂಭ್ರಮ ನಡೆದಿತ್ತು. ಪ್ರಬಂಧ ತಿದ್ದುಪಡಿಗೆಂದು ವಾಪಸು ಬಂತು. ಮಾರ್ಗದರ್ಶಕರು ಒಳ್ಳೆಯ ಮನುಷ್ಯರೇ. ಕಾಳಜಿಯಿಂದಲೇ ಹೇಳಿದರು: "ಈ ಸಂದೇಹಿಗಳೆಲ್ಲ ನಾಕು ಮಂದಿ ಮುದುಕರು. ನಾಳೆ ಒಕ್ಕೂಟ ಗಟ್ಟಿಯಾದ್ರ ಇವರ ಹೆಸರು ಇರಾಂಗಿಲ್ಲ. ಆ ಕಡಿ ಅಧ್ಯಾಯ ತಗದ ಬಿಡ್ರಿ, ಒಕ್ಕೂಟದ ಲಾಭದ ಮ್ಯಾಲ ಬರೀರಿ, ಮುಗದ ಹೋಗ್ತದ." ಕೊನೆಯ ಅಧ್ಯಾಯವೆಂದರೆ ಒಲ್ಲೆ ಅಂದವರು ಒಳಗೇ ಉಳಿದು ಮನೆಯನ್ನು ಬದಲಿಸುವ ಬಗೆ, ಅಂದರೆ ಪ್ರಬಂಧದ ಜೀವ. ಸರ್ ತೆಗೆಯಲಿಲ್ಲ. ಇನ್ನೊಂದೇ ಅವಕಾಶ ಇದೆ, ಅದೂ ಕೈತಪ್ಪಿದರೆ ಮತ್ತೆ ಹೆಸರು ನೋಂದಾಯಿಸುವಂತಿಲ್ಲ ಎಂದು ಧಾರವಾಡದ ವಿಶ್ವವಿದ್ಯಾಲಯದ ಕಚೇರಿಯವರು ಸ್ಪಷ್ಟವಾಗಿ ಹೇಳಿದರು. ಅವರಿಗೆ ಐವತ್ತು ದಾಟಿತ್ತು. ಬೈಲಹೊಂಗಲದ ಬಜಾರಿನಲ್ಲಿ ಅವರಿಗೆ 'ಯುರೋಪ್ ಸರ್' ಎಂದು ಹೆಸರಾಗಿತ್ತು, ಅದರಲ್ಲಿ ಕುಹಕ ಇಲ್ಲದೆ ಇರಲಿಲ್ಲ. ಅದು ಅವರಿಗೆ ನೋವು ಕೊಡುತ್ತಿತ್ತು. ಒಂದು ದಿನ ನನ್ನ ಮುಂದೆ ಬಾಯಿಬಿಟ್ಟು ಹೇಳಿದರು: "ನನ್ನ ಬದುಕಿನಾಗ ನಾ ಖರೇನ ಹೇಳಬೇಕಂತ ಇದ್ದದ್ದು ಇದೊಂದ ಮಾತ್ರಿ. ಅದನ್ನ ಅರ್ಧಾ ಕಡದು ಹೆಂಗ ಕೊಡ್ಲಿ?"

ಎರಡನೆಯ ಸಲ ಒಪ್ಪಿಸಿದ ಪ್ರಬಂಧಕ್ಕೆ ಬಹಿರಂಗ ಮೌಖಿಕ ಪರೀಕ್ಷೆ ಗೊತ್ತಾದದ್ದು ಎರಡು ಸಾವಿರದ ಐದರ ಜೂನ್ ಮೊದಲ ವಾರ. ಆ ವಾರವೇ ನೋಡಿ, ಯುರೋಪಿಗೆ ಒಂದು ಸಂವಿಧಾನ ಬೇಕೋ ಬೇಡವೋ ಎಂದು ವೋಟು ತೆಗೆದರೆ ಭಾನುವಾರ ಫ್ರಾನ್ಸ್ ಬೇಡ ಅಂದಿತು, ಬುಧವಾರ ನೆದರ್‌ಲ್ಯಾಂಡ್ಸ್ ಬೇಡ ಅಂದಿತು. ಒಕ್ಕೂಟವನ್ನು ಕಟ್ಟಿದ ಹಿರಿಯ ಮನೆತನಗಳೇ ಅವು. ಹಸನಸಾಬರು ಗುರುವಾರ ಸಂಜೆ ಸುರುಳಿ ಕೊಡುವಾಗ ದಿನದ ಪ್ರಶ್ನೆ ಕೇಳಲಿಲ್ಲ. ಬಸ್ಸಿನಿಂದ ಇಳಿದು ಬಂದು ಸರ್ ಕೈ ಹಿಡಿದು, "ಅಂದಬಿಟ್ರಲ್ರಿ ಸರ್ರ" ಅಂದರು.

ಶುಕ್ರವಾರ ಬೆಳಿಗ್ಗೆ ಅವರದೇ ಬಸ್ಸಿನಲ್ಲಿ ಧಾರವಾಡಕ್ಕೆ ಹೊರಟೆವು. ಸರ್, ನಾನು, ಮತ್ತೆ ದೊಡ್ಡವ್ವ. "ಇಷ್ಟ ವರ್ಷ ಇಂವ ಏನ ಮಾಡಿದಾ ಕಣ್ಣಿಲೆ ನೋಡಬೇಕು" ಎಂದು ಆಕೆ ಹಿಂದಿನ ದಿನವೇ ಹೂಲಿಯಿಂದ ಬಂದು ಕೂತಿದ್ದಳು. ಕಿತ್ತೂರಲ್ಲಿ ಬಸ್ಸು ನಿಂತಾಗ ಹಸನಸಾಬರು ಚಹಾದಂಗಡಿಯಲ್ಲಿ ನಮ್ಮ ಕಡೆ ಕೈ ತೋರಿಸುತ್ತ ಏನೋ ಹೇಳುತ್ತಿದ್ದರು. ನಾವು ಅದಕ್ಕೆ ಲಕ್ಷ್ಯ ಕೊಡಲಿಲ್ಲ.

ಪರೀಕ್ಷಕರು ಮೈಸೂರು ಕಡೆಯವರು, ನಯವಾಗಿ ಮಾತಾಡುವವರು. ಪ್ರಶ್ನೆಗಳು ಸರಾಗವಾಗಿ ಸಾಗಿದವು. ಕೊನೆಗೆ ಅವರು ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, "ನೋಡಿ, ನಿಜ ಹೇಳ್ತೀನಿ. ಓದುವಾಗ ನನಗೆ ಈ ಸಂದೇಹಿಗಳು ಲೆಕ್ಕಕ್ಕಿಲ್ಲ ಅನ್ನಿಸಿತ್ತು. ಈ ವಾರ ಅವರೇ ಗೆದ್ದುಬಿಟ್ಟಿದ್ದಾರೆ. ನೀವು ಮೊದಲೇ ಕಂಡಿದ್ದೀರಿ, ಸಂತೋಷ. ಯುರೋಪ್ ಒಕ್ಕೂಟ ಮುರಿದುಬೀಳುತ್ತೆ ಅಂತ ಕೊನೆಗೆ ಒಂದು ಮಾತು ಸೇರಿಸಿ. ಪ್ರಬಂಧಕ್ಕೆ ಕಳಸ ಇಟ್ಟಂಗಾಗುತ್ತೆ" ಅಂದರು. ಮಾರ್ಗದರ್ಶಕರ ಮುಖ ಅರಳಿತು. ನನ್ನ ಮುಖವೂ ಅರಳಿರಬೇಕು. ಹೂಂ ಅಂದರೆ ಅಲ್ಲಿಗೆ ಮುಗಿಯುತ್ತಿತ್ತು.

ಸರ್ ಕಿಸೆಯಿಂದ ಪೆನ್ನು ತೆಗೆಯಲಿಲ್ಲ. "ಕ್ಷಮಿಸಬೇಕು ಸರ್. ಆ ಮಾತು ಬರಿಯಾಕ ನಾ ಒಲ್ಲೆ" ಅಂದರು.

ಇದೊಂದೇ ಅವಕಾಶ ಎಂದು ಈ ಮಹಾರಾಯರಿಗೆ ನೆನಪಿಲ್ಲವೇ ಅಂತ ನನಗೆ ಅನ್ನಿಸಿತು. ಅವರು ಶಾಂತವಾಗಿ ಮುಂದುವರಿಸಿದರು: "ಮೊದಲ ಇವರು ಲೆಕ್ಕಕ್ಕಿಲ್ಲ ಅಂತ ಬರಿ ಅಂದ್ರು, ನಾ ಬರೀಲಿಲ್ಲ. ಈಗ ಇವರು ಮನಿ ಕೆಡವತಾರ ಅಂತ ಬರಿ ಅಂತೀರಿ, ಅದೂ ನಾ ಕಂಡ ಸತ್ಯ ಅಲ್ಲ. ಒಲ್ಲೆ ಅಂದಾವರೆಲ್ಲ ಹೊರಗ ಹೋಗಾವರಲ್ರಿ. ನಮ್ಮ ಹೂಲಿ ಮನ್ಯಾಗ ನಮ್ಮ ದೊಡ್ಡವ್ವ ಬ್ಯಾರೆ ಒಲಿ ಹೂಡಿ..." ಎಂದು ಮೂರು ಕಲ್ಲಿನ ಕತೆ, ತಗಡಿನ ಕತೆ ಎಲ್ಲ ಹೇಳಿದರು.

ಹಿಂದಿನ ಸಾಲಿನಿಂದ ಏರಿದ ದನಿ ಬಂತು. "ನನ್ನ ಒಲಿ ಸುದ್ದಿ ಇಲ್ಲಿತನಕ ಯಾಕ ತಂದ್ಯೋ?" ದೊಡ್ಡವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದಳು. ಜನ ತಿರುಗಿ ನೋಡಿದರು. ಪರೀಕ್ಷಕರು ಕನ್ನಡಕ ತೆಗೆದರು. "ನೀವೇನಾ ಅಜ್ಜಿ? ಅಷ್ಟು ಸಿಟ್ಟಿದ್ದರೆ ಪಾಲು ಕೇಳಿ ಬೇರೆ ಹೋಗಬಹುದಿತ್ತಲ್ಲ?" ಎಂದು ಕೇಳಿದರು.

"ಪಾಲ ಯಾಕ ಕೇಳ್ಲಿರೀ?" ಅಂದಳು ದೊಡ್ಡವ್ವ. "ಒಬ್ಬಾಕೀನ ಹೋಗಿ ಕುಂತ್ರ ಜಗಳಾಡಾಕ ಮಂದಿ ಬೇಕಲ್ರಿ?"

ಪರೀಕ್ಷಕರು ನಕ್ಕ ನಗು ಹೊರಗಿನ ವರಾಂಡದವರೆಗೂ ಕೇಳಿಸಿತು. ನಕ್ಕು ಮುಗಿಸಿ ಪತ್ರಿಕೆ ಮಡಿಚಿದರು. "ಏನೂ ಸೇರಿಸಬೇಡಿ. ಇದ್ದ ಹಾಗೇ ಇರಲಿ" ಎಂದು ಸಹಿ ಮಾಡಿ, ಎದ್ದು ಬಂದು ಸರ್ ಕೈ ಕುಲುಕಿ 'ಡಾಕ್ಟರ್' ಎಂದು ಕರೆದರು. ನಾನು ಕಣ್ಣೊರೆಸಿಕೊಂಡೆ. ಇಷ್ಟು ವರ್ಷ ತಿದ್ದಿದ ಕಾಗುಣಿತಕ್ಕೆಲ್ಲ ಅವತ್ತು ಬೆಲೆ ಬಂತು.

ಸಂಜೆಯ ಬಸ್ಸು ಕಿತ್ತೂರು ಮುಟ್ಟಿದಾಗ ಹಲಗೆ ಬಾರಿಸುವ ಸದ್ದು ಕೇಳಿತು. ಸ್ಟ್ಯಾಂಡಿನ ತುಂಬ ಸರ್ ಕಲಿಸಿದ ಹಳೆಯ ವಿದ್ಯಾರ್ಥಿಗಳು, ಅವರ ಜೊತೆ ಅರ್ಧ ಊರು. ಬಟ್ಟೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಯುರೋಪ್ ಒಡೆದ ಧೀರ ಗುರುಗಳಿಗೆ ಸ್ವಾಗತ' ಎಂದು ಬರೆಸಿದ್ದರು. ನಾನು ಹಸನಸಾಬರ ಕಡೆ ನೋಡಿದೆ. ಅವರು ಸ್ಟೇರಿಂಗ್ ಒರೆಸತೊಡಗಿದರು. "ಫ್ರಾನ್ಸು ಅದು ಇದು ಎಲ್ಲಾ ಒಲ್ಲೆ ಅಂದಾವು, ಇವತ್ತ ನಮ್ಮ ಸರ್ ಅದರ ಮ್ಯಾಲ ಡಾಕ್ಟರ್ ಆಗ್ತಾರ ಅಂತ ಇಷ್ಟ ಹೇಳೀನ್ರಿ ನಾ" ಅಂದರು. ಉಳಿದದ್ದನ್ನು ಕಿತ್ತೂರು ತಾನೇ ಪೂರ್ತಿ ಮಾಡಿಕೊಂಡಿತ್ತು. ಕೋಟೆಯ ಬಿದ್ದ ಗೋಡೆಗಳನ್ನು ದಿನಾ ನೋಡುವ ಊರು ಅದು, ಹಳೆಯ ಬಾಕಿ ಇನ್ನೂ ಮರೆತಿಲ್ಲ. ಮುಂದೆ ನಿಂತಿದ್ದ ಒಬ್ಬ ಹಳೆಯ ವಿದ್ಯಾರ್ಥಿ, ಈಗ ಅಲ್ಲಿ ಕಿರಾಣಿ ಅಂಗಡಿ ಇಟ್ಟವನು, ಕೂಗಿ ಹೇಳಿದ: "ಕುಂಪಣಿಯವರು ನಮ್ಮ ಕ್ವಾಟಿ ಒಡದ್ರು, ನಮ್ಮ ಸರ್ ಅವರ ಯುರೋಪ ಒಡದ್ರು."

ಹಾರ ಕೊರಳಿಗೆ ಬಿತ್ತು. ಹಲಗೆ ನಿಂತಿತು. ಸರ್ ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ನಾ ಏನೂ ಒಡದಿಲ್ರಪ್ಪಾ. ಅದು ಒಡದೂ ಇಲ್ಲ" ಅಂದರು. ಜನರ ಮುಖ ಇಳಿಯಿತು. ಬಟ್ಟೆ ಹಿಡಿದವನ ಕೈಯೂ ಇಳಿಯಿತು. ಅವರು ಬಿಡದೆ ಹೇಳಿದರು: "ಒಡಿಯೂದು ಸಸಾರ. ಒಲ್ಲೆ ಅಂದು ಅದ ಮನ್ಯಾಗ ಇದ್ದು, ಮನೀನ ತಿದ್ದೂದು ಘಟ್ಟಿ ಮಂದಿ ಕೆಲಸ. ಯುರೋಪಿನ್ಯಾಗ ಈ ವಾರ ಅಂಥಾ ಮಂದಿ ಮಾತಾಡ್ಯಾರ. ದೊಡ್ಡ ದೊಡ್ಡ ಸರ್ಕಾರ ಇವತ್ತ ಅವರ ಮಾತು ಕೇಳಾಕ ಕುಂತಾವ. ಅದಕ್ಕ ನನಗ ಸಂತೋಷ ಆಗೈತಿ."

ಕಿರಾಣಿ ಅಂಗಡಿಯವನು ತಲೆ ಕೆರೆದುಕೊಂಡು, "ಹಂಗಾರ ಈಗ ಏನಂತ ಕೂಗೂದ್ರಿ ಸರ್ರ?" ಎಂದು ಕೇಳಿದ.

"ಒಲ್ಲೆ ಅಂದಾವರಿಗೂ ಜೈ ಅನ್ರಿ."

ಹಲಗೆ ಮತ್ತೆ ಎದ್ದಿತು. ಆ ಬಟ್ಟೆ ಅಲ್ಲಿಯೇ ಮಡಿಕೆಯಾಯಿತು. ಇಡೀ ಸ್ಟ್ಯಾಂಡು, ಅದರ ಜೊತೆ ಬಸ್ಸಿನೊಳಗಿನ ಪ್ರಯಾಣಿಕರು, ಕಂಡಕ್ಟರು, ಸ್ಟೇರಿಂಗಿನ ಹಿಂದಿನ ಹಸನಸಾಬರು, ನಾನು, ಎಲ್ಲರೂ ಗಂಟಲು ಹರಿಯುವಂತೆ ಜೈ ಅಂದೆವು. ಅಂಥ ಜೈಕಾರ ಕಿತ್ತೂರಿನಲ್ಲಿ ಮೊದಲು ಆಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಸರ್ ಮುಖದ ಮೇಲೆ ಬಿಸಿಲಿತ್ತು, ಅವರು ಅಳುತ್ತಿದ್ದರು, ಮುಚ್ಚಿಕೊಳ್ಳಲಿಲ್ಲ.

ಒಳಗೆ ತಿರುಗಿ ನೋಡಿದರೆ ಕಿಟಕಿಯ ಹತ್ತಿರ ದೊಡ್ಡವ್ವ ಬಾಯಿ ಬಿಗಿದು ಕೂತಿದ್ದಳು. ಸರ್ ಹತ್ತಿರ ಬಂದು, "ನೀನೂ ಜೈ ಅನ್ನ ಬೇ ದೊಡ್ಡವ್ವ" ಅಂದರು.

"ನಾ ಒಲ್ಲೆ" ಅಂದಳು.

ಅವರು ಕೊರಳಲ್ಲಿದ್ದ ಹಾರ ತೆಗೆದು ಆಕೆಯ ಕೊರಳಿಗೆ ಹಾಕಿ, ಪಕ್ಕದಲ್ಲಿ ಕೂತು, ಅವಳ ಕಡೆ ತಿರುಗಿ, "ಯಾಕ ಒಲ್ಲಿ? ಹೇಳು" ಅಂದರು. ಹಸನಸಾಬರು ಬಸ್ಸು ಬಿಟ್ಟರು. ಬೈಲಹೊಂಗಲ ಬರುವವರೆಗೂ ಆಕೆ ಹೇಳಿದಳು, ಡಾಕ್ಟರು ಕೇಳಿದರು.